ಇಟ್ಟಿಗೆ ಜಾಲಂಧ್ರದ ವಿದ್ಯಾರ್ಥಿ ಕೇಂದ್ರ

ವಿದ್ಯಾರ್ಥಿ ಸೇವೆಗಳ ಕಟ್ಟಡವೆಂದರೆ ಸಾಮಾನ್ಯವಾಗಿ ಕೌಂಟರುಗಳು, ಉದ್ದನೆಯ ಕಾರಿಡಾರು, ಕಾಯುವ ಸಾಲು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ 2014ರಲ್ಲಿ ತೆರೆದ ಸಾ ಸ್ವೀ ಹಾಕ್ ವಿದ್ಯಾರ್ಥಿ ಕೇಂದ್ರ ಈ ಕಲ್ಪನೆಯನ್ನೇ ಬದಲಿಸಿತು. ವಿದ್ಯಾರ್ಥಿ ಸಂಘದ ಕಚೇರಿ, ಉದ್ಯೋಗ ಮಾರ್ಗದರ್ಶನ, ಕೆಫೆ, ವ್ಯಾಯಾಮಶಾಲೆ, ಪ್ರಾರ್ಥನಾ ಕೋಣೆಗಳು, ನೆಲಮಾಳಿಗೆಯ ಸಭಾಂಗಣ, ಎಲ್ಲವೂ ಒಂದೇ ಸೂರಿನಡಿ ಇವೆ.

ವಿನ್ಯಾಸ ಐರ್ಲೆಂಡಿನ ಶೀಲಾ ಓಡೊನೆಲ್ ಮತ್ತು ಜಾನ್ ಟುವೊಮಿ ದಂಪತಿಯದು. ಜಾಗವೋ ಇಕ್ಕಟ್ಟಾದ ಓಣಿಗಳ ನಡುವಿನದು. ಅಕ್ಕಪಕ್ಕದ ಕಟ್ಟಡಗಳಿಗೆ ಬರುವ ಬೆಳಕನ್ನು ತಡೆಯುವಂತಿಲ್ಲ ಎಂಬ ಕಾನೂನು ಬೇರೆ. ಆ ಕಟ್ಟುಪಾಡನ್ನೇ ಅವರು ರೂಪವಾಗಿಸಿದರು. ಗೋಡೆಗಳು ಅಲ್ಲಲ್ಲಿ ಓರೆಯಾಗಿ, ಮಡಿಚಿದ ಕಾಗದದಂತೆ ಒಳಕ್ಕೆ ಬಾಗಿ ಮೇಲೇರುತ್ತವೆ.

ಹತ್ತಿರ ಹೋಗಿ ನೋಡಬೇಕಾದದ್ದು ಇಟ್ಟಿಗೆ ಕೆಲಸವನ್ನು. ಓರೆ ಮೂಲೆಗಳಿಗೆ ಮಾಮೂಲಿ ಇಟ್ಟಿಗೆ ಹೊಂದುವುದಿಲ್ಲ. ಹಾಗಾಗಿ ನೂರಕ್ಕೂ ಹೆಚ್ಚು ಬಗೆಯ ವಿಶೇಷ ಆಕಾರದ ಕೆಂಪಿಟ್ಟಿಗೆಗಳನ್ನು ಮಾಡಿಸಲಾಯಿತು. ಕೆಲವೆಡೆ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಗೋಡೆಯನ್ನೇ ಜಾಲಂಧ್ರವಾಗಿಸಿದ್ದಾರೆ. ಹಗಲಲ್ಲಿ ಅದರ ಹಿಂದಿನ ಗಾಜಿನ ಮೂಲಕ ಒಳಗೆ ಚುಕ್ಕಿಚುಕ್ಕಿ ಬಿಸಿಲು. ಇರುಳಲ್ಲಿ ಒಳಗಿನ ದೀಪ ಬೀದಿಗೆ ಸೋಸಿ ಬರುತ್ತದೆ.

ಒಳಗಿನ ಮೆಟ್ಟಿಲುಗಳು ವಿಶಾಲವಾಗಿವೆ. ಹತ್ತುವವರು, ಇಳಿಯುವವರು ಎದುರುಬದುರಾಗಿ ನಿಂತು ಮಾತಾಡಬಹುದು. ಪ್ರತಿ ಮಹಡಿಯ ನಕ್ಷೆಯೂ ಬೇರೆ ಬೇರೆ.

ಕಟ್ಟಡ ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಗೇರಿತು. 2015ರಲ್ಲಿ ದಂಪತಿಗೆ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಸಂದಿತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಇದು: ನೆರವು ಕೇಳಿ ಬರುವ ವಿದ್ಯಾರ್ಥಿಗೂ ಚೆಂದದ ಜಾಗ ಸಲ್ಲಬೇಕು ಎಂದು ಈ ವಾಸ್ತುಶಿಲ್ಪಿಗಳು ನಂಬಿ ಕಟ್ಟಿದ್ದಾರೆ.