ಟಿಎಂಟಿ ಪರೀಕ್ಷೆಯ ಗುಣದೋಷ ವಿಚಾರ

ಹೃದಯದ ಸಾಮರ್ಥ್ಯವನ್ನು ಅರಿಯುವುದಕ್ಕೆಂದು ವೈದ್ಯಶಾಸ್ತ್ರವು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಕಂಡುಕೊಂಡ ಉಪಾಯಗಳಲ್ಲಿ ಬಹುಪಾಲು, ಮನುಷ್ಯನನ್ನು ಮಂಚದ ಮೇಲೆ ಮಲಗಿಸಿ, ಅವನ ಹೃದಯವು ವಿಶ್ರಾಂತಿಯಲ್ಲಿರುವಾಗಲೇ ಅದನ್ನು ವಿಚಾರಿಸತಕ್ಕವುಗಳಾಗಿವೆ. ಲೈಡನ್ ನಗರದ ವಿಲೆಮ್ ಐಂತೋವನ್, ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ ಹೃದಯದ ವಿದ್ಯುತ್ತನ್ನು ರೇಖೆಯಾಗಿ ಬರೆಯಿಸಿ, ಆ ಸಾಧನೆಗಾಗಿ 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಎಂಬವರು 1953ರಲ್ಲಿ ಕಿವಿಗೆ ಕೇಳಿಸದ ಧ್ವನಿಯ ಅಲೆಗಳನ್ನು ಎದೆಯೊಳಕ್ಕೆ ಕಳುಹಿಸಿ, ಅವುಗಳ ಪ್ರತಿಧ್ವನಿಯಿಂದ ಹೃದಯದ ಗೋಡೆಗಳ ಚಲನೆಯನ್ನು ಕಂಡರು. ಇಂದಿನ ಇಸಿಜಿಯೂ ಎಕೋ ಪರೀಕ್ಷೆಯೂ ಇವುಗಳ ಸಂತತಿಯೇ. ಇಸಿಜಿಯು ಬಡಿತದ ಲಯವನ್ನೂ ಹಿಂದೆ ಆದ ಆಘಾತದ ಗುರುತನ್ನೂ ಹೇಳಬಲ್ಲುದು. ಎಕೋ ಪರೀಕ್ಷೆಯು ಕವಾಟಗಳ ಸ್ಥಿತಿಯನ್ನೂ, ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ಎಷ್ಟು ಭಾಗವನ್ನು ಒಂದೊಂದು ಬಡಿತಕ್ಕೆ ಹೊರದೂಡುತ್ತದೆಂಬುದನ್ನೂ ಅಳೆದು ಕೊಡಬಲ್ಲುದು. ಈ ಪ್ರಮಾಣವು ಶೇಕಡಾ 55ರಿಂದ 70ರವರೆಗೆ ಇದ್ದರೆ ಸಹಜವೆಂದು ಎಣಿಕೆ. ಆದರೆ ಮೆಟ್ಟಿಲೇರುವಾಗ ಮಾತ್ರ ಎದೆ ಹಿಡಿದಂತಾಗಿ ನಿಂತುಬಿಡುವ ಮನುಷ್ಯನೊಬ್ಬನ ವಿಷಯದಲ್ಲಿ, ಮಲಗಿರುವಾಗ ತೆಗೆದ ಇವೆರಡು ವರದಿಗಳೂ ನಿರ್ದೋಷವಾಗಿದ್ದು, ಆತನ ಸಂಕಟಕ್ಕೆ ಸಾಕ್ಷಿಯೇ ಇಲ್ಲದಂತಾಗುವುದುಂಟು. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತಿನ ಬಲವು ನೊಗ ಹೊರಿಸಿದಾಗಲಲ್ಲವೆ ಗೊತ್ತಾಗುವುದು!

ಹೀಗೆ ಹೃದಯಕ್ಕೆ ದುಡಿಮೆ ಕೊಟ್ಟು ಅದರ ಬಲಾಬಲವನ್ನು ನೋಡುವ ಪರೀಕ್ಷೆಗಳಲ್ಲಿ, ನಮ್ಮ ಜಿಲ್ಲಾ ಕೇಂದ್ರಗಳವರೆಗೂ ಹಬ್ಬಿ, ಟಿಎಂಟಿ ಎಂಬ ಮೂರಕ್ಷರಗಳಿಂದಲೇ ಎಲ್ಲರಿಗೂ ಪರಿಚಿತವಾಗಿರುವುದು, ಯಂತ್ರದಿಂದ ಸರಿಯುವ ಪಟ್ಟಿಯ ಮೇಲೆ ನಡೆಯಿಸಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ. ಅಮೆರಿಕದ ಸಿಯಾಟಲ್‌ನಲ್ಲಿದ್ದ ರಾಬರ್ಟ್ ಬ್ರೂಸ್ ಎಂಬ ವೈದ್ಯನು 1963ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ಹೆಚ್ಚಿನ ಕಡೆಗಳಲ್ಲಿ ಬಳಕೆಯಲ್ಲಿದೆ. ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10ರಷ್ಟು ಏರು, ಇದು ಮೊದಲ ಹಂತ. ಮೂರು ಮೂರು ನಿಮಿಷಗಳಿಗೊಮ್ಮೆ ವೇಗವೂ ಏರೂ ಹೆಚ್ಚುತ್ತ ಹೋಗಿ, ನಾಲ್ಕನೆಯ ಹಂತಕ್ಕೆ ಬರುವಷ್ಟರಲ್ಲಿ ವೇಗವು 6.7 ಕಿಲೋಮೀಟರಿಗೂ ಏರು ಶೇಕಡಾ 16ಕ್ಕೂ ಮುಟ್ಟುತ್ತವೆ. ಪರೀಕ್ಷೆಯುದ್ದಕ್ಕೂ ಎದೆಗೆ ಅಂಟಿಸಿದ ತಂತಿಗಳು ರೇಖೆಯನ್ನು ಬರೆಯುತ್ತಲೇ ಇರುತ್ತವೆ. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಯು ಸಂಕುಚಿತವಾಗಿದ್ದು, ದುಡಿಮೆಗೆ ತಕ್ಕ ರಕ್ತವು ಒದಗದೆ ಹೋದರೆ, ಆ ರೇಖೆಯ ಎಸ್‌ಟಿ ಎಂಬ ಭಾಗವು ಕೆಳಕ್ಕೆ ಕುಸಿಯುತ್ತದೆ. ಕುಸಿತವು ಒಂದು ಮಿಲಿಮೀಟರ್, ಎಂದರೆ ಕಾಗದದ ಮೇಲಣ ಒಂದು ಚಿಕ್ಕ ಚೌಕದಷ್ಟಾದರೂ ಆದರೆ ವರದಿಯಲ್ಲಿ ‘ಪಾಸಿಟಿವ್’ ಎಂಬ ಪದವು ಬೀಳುತ್ತದೆ.

ಈ ಪರೀಕ್ಷೆಯ ಗುಣವನ್ನು ನಾನು ಮನಸಾರೆ ಒಪ್ಪುತ್ತೇನೆ. ಇಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಖರ್ಚು, ಧಮನಿಗಳ ಚಿತ್ರ ತೆಗೆಯುವ ಆಂಜಿಯೋಗ್ರಾಮಿನ ಖರ್ಚಿನ ಒಂದು ಅಲ್ಪಾಂಶ ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯನ ಹೃದಯ, ಶ್ವಾಸಕೋಶ, ಸ್ನಾಯು ಇವೆಲ್ಲವೂ ಕೂಡಿ ಎಷ್ಟು ದುಡಿಮೆಯನ್ನು ತಾಳಬಲ್ಲವೆಂಬುದನ್ನು ಇದು ಪ್ರತ್ಯಕ್ಷವಾಗಿ ತೋರಿಸುತ್ತದೆ. ಸುಮ್ಮನೆ ಕುಳಿತ ದೇಹಕ್ಕೆ ಬೇಕಾಗುವ ಪ್ರಾಣವಾಯುವಿನ ಪ್ರಮಾಣವನ್ನು ಒಂದು ಮೆಟ್ ಎಂದು ಹಿಡಿದರೆ, ಬ್ರೂಸನ ಮೂರನೆಯ ಹಂತವನ್ನು ಮುಗಿಸಿದವನು ಸುಮಾರು ಹತ್ತು ಮೆಟ್‌ಗಳ ದುಡಿಮೆಯನ್ನು ನಡೆಸಿದಂತೆ. ಆರು ಸಾವಿರಕ್ಕೂ ಹೆಚ್ಚು ಪುರುಷರನ್ನು ಕುರಿತು 2002ರಲ್ಲಿ ಪ್ರಕಟವಾದ ಜೊನಾಥನ್ ಮಯರ್ಸ್ ಮತ್ತು ಸಂಗಡಿಗರ ಅಧ್ಯಯನವು, ಮುಂದಣ ಆಯುಸ್ಸನ್ನು ಸೂಚಿಸುವುದರಲ್ಲಿ ಈ ನಡೆಯುವ ಶಕ್ತಿಯು ಇತರ ಲಕ್ಷಣಗಳೆಲ್ಲವನ್ನೂ ಮೀರಿಸಿತೆಂದು ತೋರಿಸಿತು. ಹೀಗಿದ್ದೂ, ನಮ್ಮಲ್ಲಿ ರೋಗಿಯ ಕೈಗೆ ಬರುವ ವರದಿಯಲ್ಲಿ ದಪ್ಪಕ್ಷರಗಳಲ್ಲಿ ಕಾಣುವುದು ಪಾಸಿಟಿವ್ ಅಥವಾ ನೆಗೆಟಿವ್ ಎಂಬ ಒಂದೇ ಪದ. ಎಷ್ಟು ನಿಮಿಷ ನಡೆದರು, ಏಕೆ ನಿಲ್ಲಿಸಿದರು, ನಿಂತ ಮೇಲೆ ನಾಡಿಯು ಎಷ್ಟು ಬೇಗ ಇಳಿಯಿತು ಎಂಬ ಅಮೂಲ್ಯ ಸಂಗತಿಗಳು ಪುಟದ ಒಂದು ಮೂಲೆಯಲ್ಲಿ ಯಾರೂ ಓದದ ಅಂಕಿಗಳಾಗಿ ಉಳಿಯುತ್ತವೆ. ಮತ್ತೆ ಕೆಲವೆಡೆ, 220ರಲ್ಲಿ ವಯಸ್ಸನ್ನು ಕಳೆದು ಬಂದ ಸಂಖ್ಯೆಯ ಶೇಕಡಾ 85ನ್ನು ನಾಡಿಯು ಮುಟ್ಟಿದೊಡನೆಯೇ ಯಂತ್ರವನ್ನು ನಿಲ್ಲಿಸಿಬಿಡುವ ರೂಢಿಯುಂಟು. ಇದರಿಂದ ಐವತ್ತು ವರ್ಷದವನೊಬ್ಬನು 145ರ ನಾಡಿಯಲ್ಲಿಯೂ ಲೀಲಾಜಾಲವಾಗಿ ನಡೆಯುತ್ತಿದ್ದರೆ, ಅವನ ನಿಜವಾದ ಶಕ್ತಿಯು ಎಲ್ಲಿಯೂ ದಾಖಲಾಗದೆ ಹೋಗುತ್ತದೆ.

ನಾನು ಕಂಡ ಒಂದು ಸಂದರ್ಭ. ಸುಮಾರು ಅರುವತ್ತರ ಹರೆಯದ, ಮಲೆನಾಡಿನ ಕಡೆಯ ಹೆಣ್ಣುಮಗಳೊಬ್ಬಳು ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಬರಿಗಾಲಿನಲ್ಲಿ ಆ ಪಟ್ಟಿಯ ಮೇಲೆ ನಿಂತಿದ್ದಳು. ಕಾಲ ಕೆಳಗಿನ ನೆಲವೇ ಸರಿಯತೊಡಗಿದುದನ್ನು ಕಂಡು ಬೆದರಿ, ಎರಡೂ ಕೈಗಳಿಂದ ಮುಂದಣ ಕಂಬಿಯನ್ನು ಬಿಗಿಯಾಗಿ ಹಿಡಿದು, ದೇಹದ ಭಾರವನ್ನೆಲ್ಲ ಅದರ ಮೇಲೆ ಹೇರಿದಳು. “ಅಮ್ಮಾ, ಕಂಬಿ ಬಿಡಿ, ಕೈ ಬೀಸಿಕೊಂಡು ನಡೀರಿ” ಎಂದು ಟೆಕ್ನೀಶಿಯನ್ ಹುಡುಗ ಎಷ್ಟು ಹೇಳಿದರೂ ಕೈ ಸಡಿಲವಾಗಲಿಲ್ಲ. ಎರಡನೆಯ ಹಂತ ಹತ್ತುತ್ತಲೇ “ಸಾಕಪ್ಪಾ, ಬಿದ್ದೋಗ್ತೀನಿ” ಎಂದಳು; ಯಂತ್ರ ನಿಂತಿತು. ದಿನವೂ ಗುಡ್ಡವೇರಿ ಸೌದೆಹೊರೆ ತರುತ್ತಿದ್ದ ಆಕೆಗೆ ಪರಿಶ್ರಮವನ್ನು ತಾಳುವ ಶಕ್ತಿಯು ಕಡಮೆಯೆಂದು ವರದಿಯಾಯಿತು. ಅಳೆದದ್ದು ಭಯವನ್ನು, ಬರೆದದ್ದು ಹೃದಯದ ಹೆಸರಿನಲ್ಲಿ. ಪರೀಕ್ಷೆಗೆ ಮೊದಲು ಎರಡು ನಿಮಿಷ ಆ ಪಟ್ಟಿಯ ಮೇಲೆ ನಿಧಾನವಾಗಿ ನಡೆಸಿ ಅಭ್ಯಾಸ ಮಾಡಿಸಿದ್ದರೆ, ಅಥವಾ ಆಕೆಯ ನಿತ್ಯದ ದುಡಿಮೆಯೇನೆಂದು ಯಾರಾದರೂ ಕೇಳಿದ್ದರೆ, ಈ ಅನ್ಯಾಯವು ತಪ್ಪುತ್ತಿತ್ತು.

ಇದಕ್ಕಿಂತಲೂ ಗುರುತರವಾದ ದೋಷವೆಂದರೆ, ಯಾವ ಬಾಧೆಯೂ ಇಲ್ಲದವರನ್ನು ಸಾಲುಸಾಲಾಗಿ ಈ ಪರೀಕ್ಷೆಗೆ ಒಳಪಡಿಸುವ ಪದ್ಧತಿ. 2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ಅಗಲಿದಾಗ ನಾಡೆಲ್ಲ ದುಃಖದಲ್ಲಿ ಮುಳುಗಿ, ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಸಂಸ್ಥೆಯ ಮುಂದೆ ಹೃದಯದ ತಪಾಸಣೆಗೆಂದು ಜನ ಕಿಕ್ಕಿರಿದದ್ದು ಕನ್ನಡಿಗರೆಲ್ಲರ ನೆನಪಿನಲ್ಲಿದೆ. ಆ ಭಯವು ಸಹಜವಾದದ್ದೇ. ಅದನ್ನು ಹಳಿಯುವುದು ಹೃದಯಹೀನತೆಯಾದೀತು. ಆದರೆ ಭಯಕ್ಕೆ ಈ ಪರೀಕ್ಷೆಯು ಉತ್ತರವಾಗಬಲ್ಲುದೆ? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1989ರಲ್ಲಿ ಮಾಡಿದ ಲೆಕ್ಕದಂತೆ, ಧಮನಿಯ ರೋಗವುಳ್ಳ ನೂರು ಜನರಲ್ಲಿ ಟಿಎಂಟಿಯು ಹಿಡಿಯುವುದು ಸುಮಾರು 68 ಜನರನ್ನು. ರೋಗವಿಲ್ಲದ ನೂರು ಜನರಲ್ಲಿ ಸರಿಯಾಗಿ ಬಿಟ್ಟುಕೊಡುವುದು 77 ಜನರನ್ನು. ನಿರ್ಬಾಧಿತರಾದ ಸಾವಿರ ಜನರಲ್ಲಿ ಐವತ್ತು ಮಂದಿಗೆ ರೋಗವಿದೆಯೆಂದು ಊಹಿಸೋಣ. ಅವರಲ್ಲಿ 34 ಮಂದಿ ಸಿಕ್ಕುತ್ತಾರೆ, 16 ಮಂದಿ ತಪ್ಪಿಸಿಕೊಳ್ಳುತ್ತಾರೆ. ಉಳಿದ 950 ಆರೋಗ್ಯವಂತರಲ್ಲಿ ಸುಮಾರು 218 ಮಂದಿಗೆ ಪಾಸಿಟಿವ್ ಎಂಬ ಚೀಟಿ ದೊರೆಯುತ್ತದೆ. ಎಂದರೆ, ಆ ಚೀಟಿಯನ್ನು ಹಿಡಿದು ನಿದ್ದೆಗೆಟ್ಟು ಆಂಜಿಯೋಗ್ರಾಮಿನ ಬಾಗಿಲಿಗೆ ಬರುವ ಏಳು ಜನರಲ್ಲಿ ಆರು ಜನ ರೋಗಿಗಳೇ ಅಲ್ಲ. ಹೆಂಗಸರಲ್ಲಿ ಇಂಥ ಸುಳ್ಳು ಸೂಚನೆಗಳು ಇನ್ನೂ ಹೆಚ್ಚು.

ನೆಗೆಟಿವ್ ಎಂಬ ಸಮಾಧಾನವೂ ಗಟ್ಟಿಯಾದದ್ದಲ್ಲ. ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ಬಲವಾದ ಸಂಕೋಚವನ್ನು ಮಾತ್ರ ಈ ಪರೀಕ್ಷೆಯು ಹಿಡಿಯಬಲ್ಲುದು. ಧಮನಿಯ ಗೋಡೆಯಲ್ಲಿ ಅಷ್ಟೇನೂ ಉಬ್ಬದೆ ಕುಳಿತ ಕೊಬ್ಬಿನ ಗಂಟೊಂದು ಹಠಾತ್ತಾಗಿ ಬಿರಿದು, ಅದರ ಮೇಲೆ ರಕ್ತವು ಹೆಪ್ಪುಗಟ್ಟಿ ಆಗುವ ಹೃದಯಾಘಾತಗಳು ಅನೇಕ. ನಿನ್ನೆ ಹನ್ನೆರಡು ನಿಮಿಷ ಚೆನ್ನಾಗಿ ನಡೆದವನಿಗೂ ನಾಳೆ ಇಂಥ ಆಘಾತ ಆಗಬಾರದೆಂಬ ನಿಯಮವಿಲ್ಲ. ಇನ್ನು ನಡೆದರೆ ಎದೆನೋವು, ನಿಂತರೆ ಶಮನ ಎಂಬ ಸ್ಪಷ್ಟ ಲಕ್ಷಣವುಳ್ಳ ಅರುವತ್ತರ ಗಂಡಸಿಗೆ ನೆಗೆಟಿವ್ ಬಂದರೆ, ಸಂದೇಹಪಡಬೇಕಾದದ್ದು ಆತನ ಮಾತನ್ನಲ್ಲ, ವರದಿಯನ್ನು.

ಈ ಕಾರಣಗಳಿಂದಲೇ ಇಂಗ್ಲೆಂಡಿನ ನೈಸ್ ಎಂಬ ಸಂಸ್ಥೆಯು 2010ರಲ್ಲಿ, ಧಮನಿಯ ರೋಗವಿದೆಯೆಂದು ಮೊದಲೇ ಗೊತ್ತಿಲ್ಲದವರಲ್ಲಿ ಎದೆನೋವಿನ ಕಾರಣವನ್ನು ನಿರ್ಣಯಿಸಲು ಟಿಎಂಟಿಯನ್ನು ಬಳಸಕೂಡದೆಂದು ವಿಧಿಸಿ, 2016ರಲ್ಲಿ ಸಿಟಿ ಆಂಜಿಯೋಗ್ರಾಮಿಗೆ ಮೊದಲ ಸ್ಥಾನವನ್ನು ಕೊಟ್ಟಿತು. ಆ ತೀರ್ಪನ್ನು ಹಾಗೆಯೇ ತಂದು ನಮ್ಮ ನಾಡಿನ ಮೇಲೆ ಹೊರಿಸುವುದು ಉಚಿತವೆಂದು ನನಗೆ ತೋರುವುದಿಲ್ಲ. ಸಿಟಿ ಯಂತ್ರವಿರುವ ಊರಿಗೆ ಹೋಗಬೇಕಾದರೆ ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳಬೇಕಾದವರಿಗೆ, ಹತ್ತಿರದಲ್ಲಿರುವ ಈ ಪರೀಕ್ಷೆಯು, ಸರಿಯಾದ ಪ್ರಶ್ನೆಯೊಡನೆ ಬಳಸಿದರೆ, ಇಂದಿಗೂ ಉಪಯುಕ್ತವೇ. ರೋಗದ ಲಕ್ಷಣಗಳು ಅರ್ಧ ಹೌದು ಅರ್ಧ ಅಲ್ಲ ಎಂಬಂತಿರುವವರಿಗೆ, ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮತ್ತೆ ಹೊಲದ ಕೆಲಸಕ್ಕೆ ಇಳಿಯಬಹುದೇ ಎಂದು ಕೇಳುವವರಿಗೆ ಇದು ಹೇಳಬಲ್ಲ ಮಾತನ್ನು ಧಮನಿಯ ಚಿತ್ರವೊಂದೇ ಹೇಳಲಾರದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1987ರಲ್ಲಿಯೇ ನಡೆದ ನಿಮಿಷಗಳನ್ನೂ ರೇಖೆಯ ಕುಸಿತವನ್ನೂ ಎದೆನೋವನ್ನೂ ಕೂಡಿಸಿ ಕಳೆದು ಅಪಾಯದ ಅಂದಾಜನ್ನು ತಿಳಿಸುವ ಸರಳವಾದ ಲೆಕ್ಕವೊಂದನ್ನು ಕೊಟ್ಟಿದ್ದಾರೆ. ಒಂದು ನಿಮಿಷದ ಕೆಲಸ. ಆ ಲೆಕ್ಕವನ್ನೂ, ಎಷ್ಟು ನಡೆದರು ಮತ್ತು ಏಕೆ ನಿಂತರು ಎಂಬುದನ್ನೂ ವರದಿಯ ಮೊದಲ ಸಾಲಿನಲ್ಲಿ, ರೋಗಿಯು ಓದಿ ತಿಳಿಯಬಲ್ಲ ಕನ್ನಡದಲ್ಲಿ ಬರೆದುಕೊಡುವುದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ.