ಕನ್ನಡ ಅಕ್ಷರ ಸ್ಪೆಷಲ್ ಅಲ್ಲ

ಗಜೇಂದ್ರಗಡ ತಾಲೂಕಿನ ಸೂಡಿಗೆ ಹೋಗಿಬಂದವರ ಲ್ಯಾಪ್‌ಟಾಪಿನಲ್ಲಿ ಏನಿರುತ್ತೆ? ಜೋಡು ಕಳಸದ ಗುಡಿ, ನಾಗಕುಂಡ, ಶಾಸನದ ಕಲ್ಲು, ಒಂದೊಂದಕ್ಕೂ ಹತ್ತಾರು ಫೋಟೋ. ಚೆನ್ನಾಗಿ ಬಂದದ್ದೆಲ್ಲ 'ಸೂಡಿ' ಅನ್ನೋ ಫೋಲ್ಡರಿಗೆ, ಮಸುಕಾದದ್ದು 'ಸೂಡಿ ಹಳೇದು' ಅನ್ನೋದಕ್ಕೆ. ಎರಡನೆಯದನ್ನು ಅಳಿಸೋಕೆ ನಾಲ್ಕು ಸಾಲಿನ ಬ್ಯಾಶ್ ಸ್ಕ್ರಿಪ್ಟ್ ಬರೀತೀರಿ ಅಂದ್ಕೊಳ್ಳಿ. ಹೆಸರು ಹೊತ್ತ ವೇರಿಯೆಬಲ್ಲಿಗೆ ಡಬಲ್ ಕೋಟ್ ಹಾಕದಿದ್ದರೆ ಬ್ಯಾಶ್ ಅದನ್ನು ಸ್ಪೇಸ್ ಇದ್ದಲ್ಲಿ ತುಂಡು ಮಾಡುತ್ತೆ. ಅಳಿಸೋ ಆರ್‌ಎಂ ಕಮಾಂಡಿಗೆ ತಲುಪೋದು ಎರಡು ಹೆಸರು: 'ಸೂಡಿ', 'ಹಳೇದು'. ಮೊದಲನೆಯದು ಪೂರ್ತಿ ಹೋಯ್ತು. ಎರಡನೆಯ ಹೆಸರಿನದು ಏನೂ ಇಲ್ಲ. ಮೈನಸ್ ಆರ್‌ಎಫ್ ಕೊಟ್ಟಿದ್ದರೆ ಅದನ್ನೂ ಹೇಳದೆ ಸುಮ್ಮನಿರುತ್ತೆ. ಉಳಿದದ್ದು ಮಸುಕು ಫೋಟೋಗಳು.

ಇದಕ್ಕೆ ಆಫೀಸುಗಳಲ್ಲಿ ಸಿಗೋ ಸಲಹೆ ಗೊತ್ತಲ್ಲ: "ಫೈಲ್ ಹೆಸರಿಗೆ ಕನ್ನಡ ಯಾಕಪ್ಪಾ, ಸ್ಪೆಷಲ್ ಕ್ಯಾರೆಕ್ಟರ್ ಎಲ್ಲಾ ತೆಗೆದುಬಿಡು." ನನ್ನ ತಕರಾರು ಇಲ್ಲೇ. ಕನ್ನಡ ಇಲ್ಲಿ ಮಾಡಿದ್ದೇನು? ಕತ್ತರಿಸಿದ್ದು ಸ್ಪೇಸ್, ಇಂಗ್ಲಿಷ್ ಹೆಸರಾಗಿದ್ದರೂ ಇದೇ ಗತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವ್ಯಂಜನ, ಪ್ರತಿ ಗುಣಿತದ ಚಿಹ್ನೆ 3 ಬೈಟ್. ಅವುಗಳಲ್ಲಿ ಒಂದು ಬೈಟೂ ಸ್ಪೇಸ್ ಅಥವಾ ನಕ್ಷತ್ರದ ಗುರುತಿನ ಜೊತೆ ಗೊಂದಲವಾಗಲ್ಲ. ಲಿನಕ್ಸ್ ಫೈಲ್ ಹೆಸರಲ್ಲಿ ಬೇಡ ಅನ್ನೋದು ಎರಡೇ: ಸ್ಲ್ಯಾಶ್ ಮತ್ತು ಸೊನ್ನೆ ಬೈಟ್.

ಆ ಸಲಹೆ ಪಾಲಿಸಿದರೆ ಇನ್ನೂ ಕೆಟ್ಟದ್ದಾಗುತ್ತೆ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಹಾಕೋ 'ಕ್ಲೀನಪ್' ಸ್ಕ್ರಿಪ್ಟ್ ಓಡಿಸಿ ನೋಡಿ (ಕಾಪಿ ಇಟ್ಕೊಂಡು!). ಸೂಡಿ, ಲಕ್ಕುಂಡಿ, ಇಟಗಿ ಮೂರೂ ಬರೀ 'ಡಾಟ್ ಜೆಪಿಜಿ' ಆಗ್ತವೆ. ಹೆಸರು ಬದಲಿಸೋ ಎಂವಿ ಕಮಾಂಡ್ ಕೇಳದೇ ಒಂದರ ಮೇಲೊಂದು ಹಾಕುತ್ತೆ. ಕೊನೆಗೆ ಉಳಿಯೋದು ಒಂದು ಫೈಲ್, ಚುಕ್ಕಿಯಿಂದ ಶುರುವಾಗೋದ್ರಿಂದ ಪಟ್ಟಿಯಲ್ಲಿ ಅದೂ ಕಾಣಲ್ಲ. ಆರ್‌ಎಂ ಕರೆಯದೇನೇ ಅಳಿಸಿದ ಹಾಗಾಯ್ತು.

ಕನ್ನಡಕ್ಕೇ ಸೇರಿದ ತೊಡಕು ಬೇರೆ ಇದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. 'ಜೋಡು ಕಳಸ'ದ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ತುಂಡು ಮಾಡೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಸ್ಕ್ರಿಪ್ಟಿಗೆ ಬೇರೆ ಬೇರೆ. ಪಟ್ಟಿಯಲ್ಲಿ ಇಲ್ಲದ ಫೈಲನ್ನೆಲ್ಲ ಅಳಿಸು ಅಂದರೆ 'ಸೂಡಿ' ಬಚಾವ್, 'ಜೋಡು ಕಳಸ' ಮಾಯ. ಹೋಲಿಸೋ ಮೊದಲು ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ ತರಬೇಕು.

ಉಳಿದದ್ದು ಸುಲಭ. ವೇರಿಯೆಬಲ್ಲಿಗೆ ಕೋಟ್ ಹಾಕಿ. ಮೈನಸ್‌ನಿಂದ ಶುರುವಾಗೋ ಹೆಸರಿದ್ದರೆ ಅದಕ್ಕೂ ಮುಂಚೆ ಜೋಡಿ ಮೈನಸ್ ಕೊಡಿ. ನೂರಾರು ಫೈಲ್ ಇದ್ದರೆ ಫೈಂಡ್ ಕಮಾಂಡ್ ಬಳಸಿ, ಮೊದಲ ಸಲ ಹೆಸರು ತೋರಿಸೋಕೆ ಮಾತ್ರ. ಆಮೇಲೆ ಡಿಲೀಟ್ ಆಯ್ಕೆ ಸೇರಿಸುವಾಗ ಸಾಲಿನ ಕೊನೆಗೇ ಇಡಿ. ಮುಂದಿಟ್ಟರೆ ಫೈಂಡ್ ಹೆಸರು ನೋಡೋ ಮೊದಲೇ ಎಲ್ಲವನ್ನೂ ಅಳಿಸುತ್ತೆ.