ಕಿಸೆ ಇಲ್ಲದ ಅಂಗಿ

ಯೋಗಿಗಳ ಆತ್ಮಕಥೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಮೊಣಕಾಲು ನೋವನ್ನು. ಗುರುಗಳು ಗಾಳಿಯಲ್ಲಿ ತೇಲಿದ ಪುಟಗಳನ್ನು ಸರಸರ ತಿರುವುತ್ತೇನೆ. ಹಸಿವು, ಬೈಗುಳ, ಎಷ್ಟು ಬಾಗಿದರೂ ಒಲಿಯದ ಆಸನ ಬಂತೋ, ಅಲ್ಲಿ ಕುಂತುಬಿಡುತ್ತೇನೆ.

ಹೀಗಾಗಿ ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ (1946) ನನ್ನ ಪಾಲಿಗೆ ಅರ್ಧ ಪುಸ್ತಕ. ಯುಕ್ತೇಶ್ವರರ ಕೈಯಲ್ಲಿ ಶಿಷ್ಯ ಬೈಸಿಕೊಳ್ಳುವ ಭಾಗ ಎಷ್ಟು ಸಲ ಓದಿದರೂ ಸಾಲದು. ಪವಾಡಗಳು ನಂಬುವವರಿಗೆ ಇರಲಿ. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ತಮ್ಮ ಬಗ್ಗೆ ಹೇಳಿಕೊಂಡಿದ್ದರಲ್ಲಿ ಬಿಡುವಂಥದ್ದು ಕಡಿಮೆ. ಮಲೇರಿಯಾ, ಟೈಫಾಯ್ಡ್, ಕ್ಷಯ ಹಿಂಡಿದ ಪೀಚು ಹುಡುಗ. ಮೈಸೂರಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರೇ ಗುರು. ಅವರ ಮಾತಿಗೆ ಎದುರಾಡದೆ ಜನರೆದುರು ಹನುಮಾನಾಸನ ಹಾಕಿ ತೊಡೆಯ ಸ್ನಾಯು ಹರಿದುಕೊಂಡ. 1936ರಲ್ಲಿ ಗುರುಗಳ ಜೊತೆ ನಮ್ಮ ಕಡೆಗೂ ಬಂದ. ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಕಲಿಸಬೇಕಾದಾಗ, ಎಲ್ಲರಿಗಿಂತ ಸಣ್ಣವನೆಂದು ಇವನನ್ನೇ ಮುಂದೆ ಬಿಟ್ಟರು. ಜಗತ್ತಿಗೆ ಯೋಗ ಕಲಿಸಿದವರ ಮೇಷ್ಟ್ರಗಿರಿ ಶುರುವಾದದ್ದು ಹಿಂಗ!

ಹೋದ ವಾರ ಟಿಕೋಟಾದ ಓದುಗರೊಬ್ಬರು ಬಸ್ಸಿನಲ್ಲಿ ಹಿಡಿದು ಕೇಳಿದರು: “ಊರೂರಿನ ಯೋಗಿಗಳ ಕಥೀ ಬರೀತೀರಿ. ನಮ್ಮ ಅಪ್ಪಾರು ಬರದದ್ದು ಎಲ್ಲೈತ್ರೀ?”

ಇಲ್ಲ. ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ಕಥೆ ಬರೆಯಲಿಲ್ಲ. ಹರೆಯದಲ್ಲಿ ಬರೆದಿಟ್ಟದ್ದೂ ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರು ಸಿದ್ಧಾಂತ ಶಿಖಾಮಣಿಯ ಮೇಲೆ ಆಡಿದ ಮಾತುಗಳನ್ನು. ಪತಂಜಲಿಯ ಯೋಗಸೂತ್ರದ ಬಗ್ಗೆ ಗಂಟೆಗಟ್ಟಲೆ ಹೇಳಿದರು. ಅದರಲ್ಲಿ ‘ನಾನು’ ಹುಡುಕಿದರೆ ನಿಮಗೆ ಸಿಗುವುದು ಹೊಲ, ಹಕ್ಕಿ, ಮರ. ಕಿಸೆ ಇಲ್ಲದ ಅಂಗಿ ತೊಟ್ಟರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು.

ಆದರೂ ಒಂದು ಬರಹವಿದೆ. 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ‘ಅಂತಿಮ ಅಭಿವಂದನ ಪತ್ರ’. ದೇಹವನ್ನು ಹೂಳದೆ ಸುಡಿ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಬೇಡ ಎಂಬುದು ಅದರ ಸಾರ. ಯೋಗಾನಂದರ ಪುಸ್ತಕದ ಈಚಿನ ಮುದ್ರಣಗಳ ಕೊನೆಗೆ, ತೀರಿಕೊಂಡು ಇಪ್ಪತ್ತು ದಿನವಾದರೂ ಅವರ ದೇಹ ಕೆಡಲಿಲ್ಲವೆಂಬ ಶವಾಗಾರದವರ ಪತ್ರ ಅಚ್ಚಾಗಿದೆ. ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಓಟು ನಮ್ಮೂರಿನದಕ್ಕೆ. ಅಭಿಮಾನ ಅನ್ನಿ ಬೇಕಾದರೆ.

2023ರ ಜನವರಿ 2ರಂದು ಸ್ವಾಮೀಜಿ ಹೋದರು. ಮರುದಿನ ಆಶ್ರಮದ ಅಂಗಳದಲ್ಲಿ ಪತ್ರದಂತೆಯೇ ನಡೆಯಿತು. ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಅವರ ಪಟದ ಪಕ್ಕ ಆ ಪತ್ರವನ್ನೂ ಕಟ್ಟು ಹಾಕಿಸಿ ತೂಗುಹಾಕಿದ ಮನೆ ನೋಡಿದ್ದೇನೆ. ಓದಲು ಎರಡು ನಿಮಿಷ ಸಾಕು. ಈ ವಾರ ಬೇರೆ ಪುಸ್ತಕ ಹೇಳುವುದಿಲ್ಲ, ಅದನ್ನೇ ಓದಿ.